ಎಡಕ್ಕೆ, ಸ್ವಲ್ಪ ಹಿಂದೆ

"ನನ್ನ ಹಿಂದೆ ಯಾರೋ ಇದ್ದಾರೆ," ಎಂದರು ಅವರು ಫೋನಿನಲ್ಲಿ.

"ಹಾಗಿದ್ದರೆ ಪೊಲೀಸರನ್ನ ಕರೀಬೇಕು ಸರ್. ನಾನು ಸ್ಪೀಕರ್ ರಿಪೇರಿಯವಳು."

ಆ ಕಡೆಯಿಂದ ಸಂಕೋಚದ ದನಿ: "ಸ್ಪೀಕರಿನಲ್ಲೇ ಇದ್ದಾರೆ. ಎಡಕ್ಕೆ, ಸ್ವಲ್ಪ ಹಿಂದೆ. ಹೋದ ವಾರ ನೀವು ಸರಿಮಾಡಿ ಹೋದ ಮೇಲೆ ಬಂದಿದ್ದು."

ನೋಡದೆ ಎತ್ತಿಕೊಂಡಿದ್ದ ಫೋನನ್ನು ಈಗ ನೋಡಿದೆ. ಪರದೆಯಲ್ಲಿ 'ಕರಡಿ ಸರ್' ಎಂದಿತ್ತು. ಅವರು ಪುಸ್ತಕಗಳ ಕರಡು ತಿದ್ದುವವರು. 'ಕರಡು ಸರ್' ಎಂದು ಹಾಕಿಕೊಳ್ಳಲು ಹೋಗಿ ಹಾಗಾಗಿತ್ತು. ತಿದ್ದಿರಲಿಲ್ಲ.

ಹೋದ ವಾರದ ಕೆಲಸ ಇಪ್ಪತ್ತು ನಿಮಿಷದ್ದು. ಅವರ ದೊಡ್ಡ ಕೋಣೆಯಲ್ಲಿ ಐದು ಸ್ಪೀಕರ್, ಟಿವಿಯ ಕೆಳಗೆ ಆಂಪ್ಲಿಫೈಯರ್, ಅದರ ಪಕ್ಕ ಇಟ್ಟಿಗೆಯಷ್ಟೇ ಇರುವ ಕಂಪ್ಯೂಟರ್. ಎಲ್ಲವನ್ನೂ ಅವರ ಹೆಂಡತಿ ಕೈಯಾರೆ ಜೋಡಿಸಿದ್ದು. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವ ಕೆಲಸ ಆಕೆಯದಾಗಿತ್ತು. ತೀರಿಕೊಂಡು ಒಂದೂವರೆ ವರ್ಷ. ಅಷ್ಟು ದಿನ ಮುಟ್ಟದೆ ಇಟ್ಟಿದ್ದನ್ನು ಇವರು ಹಾಕಿದಾಗ ಮುಂದಿನ ಎರಡು ಸ್ಪೀಕರ್ ಮಾತ್ರ ಮಾತಾಡಿದವು. ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಮನೆಯಲ್ಲಿ ಐದು ಸ್ಪೀಕರ್ ಇರುವುದನ್ನೇ ಮರೆತಿತ್ತು. ಶಬ್ದವನ್ನು ತಾನು ಮುಟ್ಟದೆ ಹಾಗೇ ಆಂಪ್ಲಿಫೈಯರಿಗೆ ದಾಟಿಸುವಂತೆ ಸೆಟ್ಟಿಂಗ್ ಬದಲಿಸಿ, ಪರೀಕ್ಷೆಯ ಸದ್ದು ಹಾಕಿದೆ.

ಆ ಸದ್ದು 'ಶ್...' ಎನ್ನುತ್ತದೆ, ಒಂದೊಂದೇ ಸ್ಪೀಕರಿನಿಂದ. ಮುಂದೆ ಎಡ, ನಡುವೆ, ಮುಂದೆ ಬಲ, ಹಿಂದೆ ಬಲ. ಯಾರೋ ಕೋಣೆಯ ಸುತ್ತ ನಡೆಯುತ್ತ ಮೂಲೆ ಮೂಲೆಯನ್ನೂ ಸುಮ್ಮನಿರಿಸಿದ ಹಾಗೆ. ಕೊನೆಗೆ ಹಿಂದಿನ ಎಡಕ್ಕೆ ಬಂದಾಗ ಅವರು ಥಟ್ಟನೆ ತಿರುಗಿದರು. ಬೆಚ್ಚಿದ ಮುಖವಲ್ಲ ಅದು. ಹೆಸರು ಹಿಡಿದು ಕರೆದರೆ ತಿರುಗುತ್ತೇವಲ್ಲ, ಹಾಗೆ.

ಅಂದರೆ, ಮಲಗಿದ್ದುದನ್ನು ಎಬ್ಬಿಸಿದವಳು ನಾನೇ.

ಎರಡನೇ ಸಲ ಹೋದಾಗ ಅವರು ಸೋಫಾದ ಎಡತುದಿಯಲ್ಲಿ, ಡಾಕ್ಟರ ಮುಂದೆ ಕೂತವರಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು.

"ಪರದೆಯಲ್ಲಿ ಯಾರಾದರೂ ಕಾಡಿನಲ್ಲಿ ನಡೀತಿದ್ದರೆ, ತರಗೆಲೆ ಮೊದಲು ನನ್ನ ಹಿಂದೆ ಸರಿಯುತ್ತೆ. ಅವರ ಕಾಲು ನೆಲಕ್ಕೆ ತಾಗೋದು ಆಮೇಲೆ."

"ಎಷ್ಟು ಆಮೇಲೆ?"

ಕಣ್ಣು ಮುಚ್ಚಿ ಯೋಚಿಸಿದರು. "ಒಂದು ಅಲ್ಪವಿರಾಮದಷ್ಟು."

ನಾನು ಭೌತಶಾಸ್ತ್ರ ಓದಿದವಳು. ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಶಬ್ದದ ತಡವನ್ನು ಅಲ್ಪವಿರಾಮದಲ್ಲಿ ಅಳೆದು ಹೇಳಿದವರು ಇವರೊಬ್ಬರೇ. ನನ್ನ ಮನಸ್ಸು ಜಾರಿದ್ದು ಅಲ್ಲೇ ಇರಬೇಕು.

ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಎಡಬಲ ಅದಲುಬದಲಾಗಿರಲಿಲ್ಲ. ಕೇಬಲ್ ಸರಿ, ಕಂಪ್ಯೂಟರ್ ಸರಿ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಬಂದು ನಿಂತರು. ಹೆಂಡತಿಯ ತಾಯಿ, ಮಗಳು ಹೋದ ಮೇಲೂ ಅಳಿಯನ ಜೊತೆಗೇ ಉಳಿದವರು.

"ತಂತಿಯಮ್ಮ, ನಮ್ಮ ಅಳಿಯಂದಿರ ಕಿವೀಲೇ ಏನಾದರೂ ಹುಳ ಹೊಕ್ಕಿದೆಯಾ ನೋಡು."

"ಕಿವಿ ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅಜ್ಜಿ."

"ಹೌದು. ಅದು ನನ್ನ ಮಗಳದು," ಎಂದರು ಅಜ್ಜಿ.

ಆಮೇಲೆ ಅಜ್ಜಿ ಗಲ್ಲ ಎತ್ತಿ ಅಳಿಯನ ಕಡೆ ತೋರಿಸಿದರು. "ಈಗ ಇವರು ಕೂತಿದ್ದಾರಲ್ಲ, ಅದು ಅವಳ ಜಾಗ. ಇವರ ಜಾಗ ಅಲ್ಲಿ." ಕೋಣೆಯ ಹಿಂದಿನ ಬಲಮೂಲೆಯಲ್ಲಿ ಕರಡಿನ ಕಟ್ಟುಗಳನ್ನು ಪೇರಿಸಿದ ಮೇಜು. "ಅವಳು ಸಿನಿಮಾ ಹಾಕಿ, ಕತ್ತು ತಿರುಗಿಸಿ 'ಕೇಳಿಸ್ತಿದೆಯಾ?' ಅನ್ನೋಳು. ಇವರು ತಲೆ ಎತ್ತದೆ 'ಹ್ಞೂಂ' ಅನ್ನೋರು. ಹದಿನಾರು ವರ್ಷ ಇದೇ."

"ಅತ್ತೆ..." ಎಂದರು ಅವರು ಮೆಲ್ಲಗೆ.

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ," ಎಂದು ಅಜ್ಜಿ ಒಳಗೆ ಹೋದರು.

ನಾನು ಹೊರಟಾಗ ಅವರು ಬಾಗಿಲವರೆಗೆ ಬಂದರು. "ಅವಳ ಜಾಗದಲ್ಲಿ ಒಮ್ಮೆ ಕೂತು ನೋಡೋಣ ಅನ್ನಿಸಿತು. ತಡವಾಯಿತು ನೋಡಿ. ಅದಕ್ಕೇ ಹಿಂದೆ ನಿಂತು ಕೇಳ್ತಾಳೇನೋ."

ಮತ್ತೆ ಬರುವ ದಿನ ಗುರುತು ಹಾಕಿಕೊಳ್ಳಲು ಫೋನ್ ತೆಗೆದೆ. ಅವರ ಕಣ್ಣು ಪರದೆಯಲ್ಲಿದ್ದ 'ಕರಡಿ ಸರ್' ಮೇಲೆ ಬಿತ್ತು.

"ಕೊಂಬಿನ ಜಾಗದಲ್ಲಿ ಗುಡಿಸು ಬಿದ್ದಿದೆ."

"ಅಯ್ಯೋ. ತಿದ್ತೀನಿ ಸರ್."

"ಇರಲಿ ಬಿಡಿ." ನಕ್ಕರು. ತುಟಿಗೆ ಬರುವ ಮೊದಲು ಆ ನಗು ಕನ್ನಡಕದ ಹಿಂದೆ ಎಲ್ಲೋ ಸ್ವಲ್ಪ ನಿಂತು ಬಂತು. ಆ ತಡವನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಅಳೆಯುತ್ತಲೇ ಹೋದೆ.

ಮೂರನೇ ಸಲ ಹೋದಾಗ ಅವರು ಇರಲಿಲ್ಲ, ಪ್ರೆಸ್ಸಿಗೆ ಕರಡು ಕೊಡಲು ಹೋಗಿದ್ದರು.

ಆಂಪ್ಲಿಫೈಯರಿನಲ್ಲಿ ಒಂದು ಪುಟ ಇರುತ್ತದೆ: ಕೂರುವ ಜಾಗದಿಂದ ಯಾವ ಸ್ಪೀಕರ್ ಎಷ್ಟು ದೂರ ಎಂದು. ದೂರದ ಸ್ಪೀಕರನ್ನು ಅದು ಮೊದಲು ಹೊರಡಿಸುತ್ತದೆ, ಹತ್ತಿರದ್ದನ್ನು ಚೂರು ಕಾಯಿಸುತ್ತದೆ, ಐದೂ ಕಿವಿಗೆ ಒಟ್ಟಿಗೆ ತಲುಪಲಿ ಎಂದು. ಆ ಅಂಕಿಗಳನ್ನು ಮೊದಲ ದಿನವೇ ನೋಡಿದ್ದೆ. ಯಂತ್ರವೇ ಅಳೆದುಕೊಂಡದ್ದು ಎಂದು ನಂಬಿ ಮುಂದೆ ಹೋಗಿದ್ದೆ. ಮನುಷ್ಯರೊಬ್ಬರು ಕೈಯಾರೆ ಹಾಕಿದ್ದು ಎಂದು ಹೊಳೆದಿರಲಿಲ್ಲ. ಹಿಂದಿನ ಎಡದ್ದು: ನಾಲ್ಕು ಮೀಟರ್ ಮೂವತ್ತು. ಸೋಫಾದ ತುದಿಯಿಂದ ಟೇಪು ಹಿಡಿದರೆ ಬಂದದ್ದು ಒಂದು ಮೀಟರ್ ಎಪ್ಪತ್ತು.

ದಾರಕ್ಕೆ ಸೀಮೆಸುಣ್ಣ ಕಟ್ಟಿ, ಪ್ರತಿ ಸ್ಪೀಕರಿನಿಂದ ಅದರದರ ದೂರಕ್ಕೆ ನೆಲದ ಮೇಲೆ ಕಮಾನು ಎಳೆಯುತ್ತ ಬಂದೆ.

"ಏನಮ್ಮ, ಮನೆಯೊಳಗೇ ಕುಂಟೆಬಿಲ್ಲೆ ಆಡ್ತೀಯಾ?" ಎಂದರು ಅಜ್ಜಿ.

ಐದೂ ಕಮಾನುಗಳು ಒಂದನ್ನೊಂದು ಕತ್ತರಿಸಿದ್ದು ಸೋಫಾದ ಹತ್ತಿರವಲ್ಲ. ಬಲಮೂಲೆಯ ಮೇಜಿನ ಮುಂದೆ, ಅವರ ಕುರ್ಚಿಯ ಕಾಲುಗಳ ನಡುವೆ.

ಅಜ್ಜಿಗೆ ವಿವರಿಸಬೇಕಾಗಲಿಲ್ಲ. ತುಂಬ ಹೊತ್ತು ಆ ಗೆರೆಗಳನ್ನು ನೋಡಿದರು. "ಅಲ್ಲಿ ಕೂತವರಿಗೆ ಎಲ್ಲ ಸರಿಯಾಗಿ ಕೇಳುತ್ತಾ?"

"ಅಲ್ಲಿ ಮಾತ್ರ."

"ಸೋಫಾದಲ್ಲಿ ಕೂತವಳಿಗೆ?"

"ಈಗ ಸರ್‌ಗೆ ಕೇಳ್ತಿದೆಯಲ್ಲ, ಹಾಗೆ. ಹಿಂದೆ ಯಾರೋ ಇದ್ದ ಹಾಗೆ."

ಅಜ್ಜಿ ಸೋಫಾದ ತೋಳು ಹಿಡಿದುಕೊಂಡರು. "ಪಕ್ಕದ ಮನೆ ಗಡಿಯಾರ ನಿಂತರೆ ಹೇಳೋಳು ಅವಳು. ಅಂಥ ಕಿವಿ. ಅವಳು ಹದಿನಾರು ವರ್ಷ ತಪ್ಪನ್ನೇ ಕೇಳಿಸಿಕೊಂಡು ಕೂತಿದ್ದಳಾ?"

ನನ್ನ ಚೀಲದಲ್ಲಿ ಅಳೆಯುವ ಮೈಕ್ ಇತ್ತು. ಸೋಫಾದ ಮೇಲಿಟ್ಟು ಒಂದು ಗುಂಡಿ ಒತ್ತಿದರೆ ನಾಲ್ಕು ನಿಮಿಷದಲ್ಲಿ ಯಂತ್ರ ತಾನೇ ಅಳೆದುಕೊಳ್ಳುತ್ತದೆ. ಹಳೆಯ ಅಂಕಿಗಳು ಅಳಿಸಿಹೋಗುತ್ತವೆ. ಅವರ ಹಿಂದೆ ಯಾರೂ ಇರುವುದಿಲ್ಲ. ಯಾಕೆ ಇದ್ದರು ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ.

"ಒತ್ತಿಬಿಡು," ಎಂದರು ಅಜ್ಜಿ. "ಸತ್ತವಳು ನನ್ನ ಮಗಳು, ನಾನೇ ಹೇಳ್ತಿದ್ದೀನಿ. ಇದನ್ನ ತಿಳಿದರೆ ಅವರು ಆ ಕುರ್ಚಿ ಬಿಟ್ಟು ಏಳಲ್ಲ. ನಿನಗೂ ಅದು ಬೇಕಿಲ್ಲ ಅಂತ ಗೊತ್ತು. ನನ್ನ ಕೂದಲು ಬಿಸಿಲಿಗೆ ನೆರೆತಿದ್ದಲ್ಲ."

ಒತ್ತಿಬಿಡುವುದೇ ನನಗೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೈಕ್ ತೆಗೆದು ಸೋಫಾದ ಮೇಲಿಟ್ಟಿದ್ದೆ, ಬೆರಳು ಗುಂಡಿಯವರೆಗೂ ಹೋಗಿತ್ತು. ಆದರೆ ಆ ಅಂಕಿಗಳನ್ನು ಯಾರೋ ಟೇಪು ಹಿಡಿದು, ಮಂಡಿಯೂರಿ, ಗಂಡ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಅಳೆದಿದ್ದರು, ಈಗ ನಾನು ಅಳೆದ ಹಾಗೇ. ಅವಳ ಅಳತೆ ಚೊಕ್ಕವಾಗಿತ್ತು. ಐದರಲ್ಲಿ ಒಂದೂ ಎರಡು ಬೆರಳಿಗಿಂತ ಹೆಚ್ಚು ತಪ್ಪಿರಲಿಲ್ಲ. ಮೈಕನ್ನು ಚೀಲಕ್ಕೆ ಹಾಕಿದೆ.

ಅವರು ಬಂದು ಬಾಗಿಲಲ್ಲೇ ನಿಂತು ನೆಲದ ಗೆರೆಗಳನ್ನು ನೋಡಿದರು.

"ದೋಷ ಸಿಕ್ಕಿತಾ?"

"ದೋಷ ಇಲ್ಲ ಸರ್. ನೀವು ಬೇರೆ ಜಾಗದಲ್ಲಿ ಕೂತಿದ್ದೀರಿ."

ಎಲ್ಲವನ್ನೂ ಹೇಳಿದೆ. ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅಜ್ಜಿ ಮಗಳ ಜಾಗದಲ್ಲಿ ಕೂತರು. ನಾನು ಕಾಡಿನ ಚಿತ್ರ ಹಾಕಿದೆ.

ಪರದೆಯಲ್ಲಿ ಒಬ್ಬ ಮನುಷ್ಯ ತರಗೆಲೆಗಳ ಮೇಲೆ ನಡೆಯತೊಡಗಿದ. ಅವನ ಹೆಜ್ಜೆ ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ, ಎಲ್ಲೂ ಮುಂಚೆಯಾಗದೆ, ಎಲ್ಲೂ ತಡವಾಗದೆ ಅವರನ್ನು ಸುತ್ತಿ ಬಂದದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

"ಹಿಂದೆ ಯಾರೂ ಇಲ್ಲ," ಎಂದರು. ಅದರಲ್ಲಿ ಸಮಾಧಾನ ಇರಲಿಲ್ಲ.

ಮತ್ತೆ ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಸೋಫಾದ ಕಡೆ ನೋಡುತ್ತ, "ಕೇಳಿಸ್ತಿದೆ," ಎಂದರು.

ಯಾರೂ ಏನೂ ಕೇಳಿರಲಿಲ್ಲ. ನಾನು ಚೀಲ ಎತ್ತಿಕೊಂಡು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದೆ. ನನ್ನ ಕೈಯಾರೆ ಅವರನ್ನು ಅವರ ಹೆಂಡತಿಗೆ ಒಪ್ಪಿಸಿದ್ದೆ.

ಎರಡು ತಿಂಗಳು ಫೋನ್ ಬರಲಿಲ್ಲ. ಬೇರೆಯವರ ಮನೆಗಳಲ್ಲಿ ಪರೀಕ್ಷೆಯ ಸದ್ದು ಹಾಕಿದಾಗ, ಹಿಂದಿನ ಎಡಕ್ಕೆ ಬರುವ ಹೊತ್ತಿಗೆ ನಾನೇ ತಿರುಗಿ ನೋಡುತ್ತಿದ್ದೆ.

ಒಂದು ದಿನ ಬೆಳಗ್ಗೆ ಪರದೆಯ ಮೇಲೆ 'ಕರಡಿ ಸರ್'.

"ದೋಷ ಏನೂ ಇಲ್ಲ. ಆದರೂ ಬರ್ತೀರಾ?"

ಹೋದೆ. ಮೇಜು ಕಿಟಕಿಯ ಹತ್ತಿರಕ್ಕೆ ಹೋಗಿತ್ತು. ಕುರ್ಚಿ ಸೋಫಾದ ಬಲಗಡೆಗೆ ಬಂದಿತ್ತು. ಟಿವಿಯ ಕೆಳಗಿನ ಬೀರುವಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿತ್ತು: ಐದು ಸ್ಪೀಕರ್, ಐದು ದೂರ, ಮುತ್ತಿನಂಥ ಅಕ್ಷರ.

"ಮೂರು ಸಲ ತಿದ್ದಿ ಬರೆದಿದ್ದೀನಿ," ಎಂದರು. "ಅವಳ ಅಳತೆ ಇನ್ನು ಯಂತ್ರದಿಂದ ಅಳಿಸಿದರೂ ಹೋಗಲ್ಲ. ಹೊಸದಾಗಿ ಅಳೆಯಬೇಕು. ಇಬ್ಬರು ಕೂತರೆ ಯಾರ ಲೆಕ್ಕಕ್ಕೆ ಅಳೀತಾರೆ?"

"ಮೈಕನ್ನ ಇಬ್ಬರ ನಡುವೆ ಇಡ್ತಾರೆ. ಇಬ್ಬರು ಅಂದರೆ ನೀವು, ಅಜ್ಜಿನಾ?"

"ಅತ್ತೆಗೆ ಸಿನಿಮಾ ಹಾಕಿದರೆ ನಿದ್ದೆ." ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನೀವು."

ಅಡುಗೆಮನೆಯಲ್ಲಿ ಬೇಕೆಂದೇ ಒಂದು ಪಾತ್ರೆ ಜೋರಾಗಿ ಸದ್ದಾಯಿತು.

"ನಡುವೆ ಇಟ್ಟರೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ತಪ್ಪು ಕೇಳುತ್ತೆ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಎಷ್ಟು?"

"ಅಲ್ಪವಿರಾಮಕ್ಕಿಂತ ಕಡಿಮೆ."

"ಅಷ್ಟನ್ನ ತಿದ್ದದೆ ಬಿಡಬಹುದು."

ಅಳೆಯುವಾಗ ಯಾರೂ ಮಾತಾಡಬಾರದು, ಅಲ್ಲಾಡಬಾರದು. ಅವರು ಕುರ್ಚಿಯಲ್ಲಿ, ನಾನು ಸೋಫಾದ ಬಲತುದಿಯಲ್ಲಿ, ನಡುವೆ ಮೈಕ್. ಎಡತುದಿ ಖಾಲಿ ಇತ್ತು. ಗುಂಡಿ ಒತ್ತಿದೆ. ಸದ್ದು ಕೋಣೆಯ ಸುತ್ತ ನಡೆಯಿತು. ಮುಂದೆ ಎಡ, ನಡುವೆ, ಮುಂದೆ ಬಲ, ಹಿಂದೆ ಬಲ. ಕೊನೆಯ ಮೂಲೆಗೆ ಬಂದಾಗ ಮೈಕಿನ ಈ ಕಡೆಯಿದ್ದ ನನ್ನ ಕೈಯನ್ನು ಅವರ ಕೈ ಹಿಡಿದಿತ್ತು.

ಪರದೆಯಲ್ಲಿ ಅಕ್ಷರ ಮೂಡಿತು: ಕೋಣೆಯಲ್ಲಿ ಸದ್ದು ಹೆಚ್ಚಿದೆ, ಮತ್ತೊಮ್ಮೆ ಅಳೆಯಿರಿ.

"ನಾನಂತೂ ಉಸಿರೂ ಬಿಟ್ಟಿಲ್ಲಪ್ಪ," ಎಂದರು ಅಜ್ಜಿ ಅಡುಗೆಮನೆಯಿಂದ.

ನಾವಿಬ್ಬರೂ ಸದ್ದು ಮಾಡಿರಲಿಲ್ಲ. ಅವರು ಮೆಲ್ಲಗೆ ತಿರುಗಿ ಎಡಕ್ಕೆ, ಸ್ವಲ್ಪ ಹಿಂದೆ ನೋಡಿದರು.

"ಹ್ಞೂಂ," ಎಂದರು, ಈ ಸಲ ತಲೆ ಎತ್ತಿ. ಕೈ ಬಿಡದೆ ನನ್ನ ಕಡೆ ತಿರುಗಿದರು. "ಮತ್ತೊಮ್ಮೆ ಅಳೆಯೋಣ."