ಅವನ ಕೂಗಿಗೆ ಒಲೆ ಹಚ್ಚುವವಳು

"ಅಯ್ಯೋ! ಒಲೆ ಹತ್ರ ಬೇಡ... ಆ ಕಡೆ, ಆ ಕಡೆ!"

ಅರ್ಲೀನಾ ಕೂಗುವಷ್ಟರಲ್ಲಿ ಆ ಯುವಕ ಚಪ್ಪರದ ಕಂಬ ಹಿಡಿದು ಬಗ್ಗಿ ವಾಂತಿ ಮಾಡಿಯೇ ಬಿಟ್ಟಿದ್ದ.

ಚಿನ್ಲಿ ಊರಿನ ಕಣಿವೆಯ ಕೆಂಪು ಬಂಡೆಗಳ ಮೇಲೆ ಸೂರ್ಯ ಇನ್ನೂ ಬಂದಿರಲಿಲ್ಲ. ಪೂರ್ವಕ್ಕೆ ಮುಖ ಮಾಡಿ ಓಡುವ ಹುಡುಗರು ಬಾಯ್ತುಂಬ ಕೂಗಿ ಬೆಳಗನ್ನು ಎಬ್ಬಿಸುವ ಹೊತ್ತು. ಇವನೂ ಹಾಗೆ ಕೂಗುತ್ತಲೇ ಬಂದಿದ್ದ. ಆ ಕೂಗು ಅರ್ಧಕ್ಕೇ ನಿಂತು ಹೀಗಾಗಿತ್ತು.

ಅವಳು ನೀರು ಕೊಟ್ಟಳು. ಅವನ ಜೇಬಿನಿಂದ ಸಿಹಿ ಲೋಳೆಯ ಪೊಟ್ಟಣಗಳು ನೆಲಕ್ಕೆ ಉದುರಿದವು.

"ಇದನ್ನ ತಿಂದು ಓಡ್ತೀಯಾ?"

"ಓಟಗಾರರೆಲ್ಲ ಇದನ್ನೇ ತಿನ್ನೋದು."

"ಹೌದಾ? ನಮ್ಮ ಕುಂಟ ಕುರಿಗೂ ಒಂದು ಕೊಡು. ಪಾಪ, ಅದೂ ಓಡ್ಲಿ!"

ಆ ನೋವಿನಲ್ಲೂ ಅವನು ನಕ್ಕ. ಆ ನಗು ನೋಡಿ ಅರ್ಲೀನಾಗೆ ಯಾಕೋ ಕೈಯಲ್ಲಿದ್ದ ಚಮಚ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಅವನ ಹೆಸರು ಡೆಲ್ವಿನ್. ದೂರದ ಶಿಪ್‌ರಾಕ್ ಕಡೆಯವನು. ಶರತ್ಕಾಲದಲ್ಲಿ ನಡೆಯುವ ಮೂವತ್ತು ಮೈಲಿಯ ಕಣಿವೆ ಓಟಕ್ಕಾಗಿ ಇಲ್ಲಿ ಬಂದು ಸ್ನೇಹಿತನ ಮನೆಯಲ್ಲಿ ಉಳಿದಿದ್ದ. ಕಳೆದ ವರ್ಷ ಇಪ್ಪತ್ತನೇ ಮೈಲಿಯಲ್ಲಿ ಕಾಲು ಗಟ್ಟಿಯಾಗೇ ಇತ್ತು, ಹೊಟ್ಟೆ ಕೈಕೊಟ್ಟಿತ್ತು.

ಅರ್ಲೀನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಬೇಸಿಗೆ ರಜೆಯಲ್ಲಿ ಮನೆ ಮುಂದಿನ ಚಪ್ಪರವೇ ಅವಳ ಅಡುಗೆಮನೆ.

"ನಾಳೆಯಿಂದ ಓಡೋಕೆ ಮುಂಚೆ ಇಲ್ಲಿಗೆ ಬಾ. ಅಂಬಲಿ ಕೊಡ್ತೀನಿ."

ಮರುದಿನ ಅವಳು ನೀಲಿ ಮುಸುಕಿನ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿದಳು. ಮೇಲೊಂದು ಚಮಚ ಬೂದು ಬಣ್ಣದ ಪುಡಿ ಉದುರಿಸಿದಳು.

"ಅದೇನು, ಬೂದಿನಾ? ನಮ್ಮಮ್ಮನೂ ಹಾಕ್ತಾರೆ."

"ಜುನಿಪರ್ ಗಿಡದ ಬೂದಿ. ಮೂಳೆಗೆ ಒಳ್ಳೇದು. ಅಮ್ಮ ಮಾಡ್ತಾರೆ ಅಂತ ಗೊತ್ತು, ಮಾಡೋಕೆ ಬರಲ್ಲ. ಅಲ್ವಾ?"

"ಅಮ್ಮ ಒಲೆ ಹತ್ರ ಬಿಟ್ರೆ ತಾನೇ!"

"ಈಗ ಬಿಟ್ಟಿದೀನಿ. ತಿರುಗ್ಸು. ನಿಲ್ಲಿಸಿದ್ರೆ ಗಂಟಾಗುತ್ತೆ."

ಹೀಗೆ ಶುರುವಾಯಿತು. ಓಟಕ್ಕೆ ಮುಂಚೆ ಅರ್ಧ ಬಟ್ಟಲು ತೆಳು ಅಂಬಲಿ. ಓಡಿ ಬಂದ ಮೇಲೆ ರಾತ್ರಿ ನೆನೆಸಿ ಬೇಯಿಸಿದ ಬೀನ್ಸ್ ಕಾಳು, ಎರಡು ಮೊಟ್ಟೆ. ಸಂಜೆಗೆ ಕುಂಬಳಕಾಯಿ, ಸುಟ್ಟ ಜೋಳ ಹಾಕಿದ ಕುರಿ ಸಾರು. ಕರಿದ ರೊಟ್ಟಿ ಮಾತ್ರ ಭಾನುವಾರಕ್ಕೊಂದು.

"ಒಂದೇನಾ?" ಎಂದು ಅವನು ಗೋಗರೆಯುತ್ತಿದ್ದ.

"ಓಟ ಗೆದ್ದು ಬಾ, ಬುಟ್ಟಿ ತುಂಬ ಕೊಡ್ತೀನಿ," ಎಂದು ಅವಳು ಗದರುತ್ತಿದ್ದಳು.

ಮೂರು ವಾರದಲ್ಲಿ ಅವನ ಹೊಟ್ಟೆ ಸುಧಾರಿಸಿತು. ಬೆಳಗ್ಗೆ ಅವನ ಕೂಗು ಕೇಳಿದ ತಕ್ಷಣ ಅರ್ಲೀನಾ ಒಲೆ ಹಚ್ಚುತ್ತಿದ್ದಳು. ಕೂಗಿಗೂ ಮುಂಚೆಯೇ ಎದ್ದು ಕಾಯುತ್ತಿದ್ದಳು ಎನ್ನುವುದು ಅವಳಿಗೆ ಮಾತ್ರ ಗೊತ್ತಿತ್ತು!

ಒಂದು ದಿನ ಅವನು ಕಾಡುಕಡ್ಡಿಗಳನ್ನು ಆರಿಸಿ, ತೊಗಟೆ ಕೆರೆದು, ಏಳನ್ನು ಒಟ್ಟಿಗೆ ಕಟ್ಟಿ ತಂದ. ಅಂಬಲಿ ತಿರುಗಿಸುವ ಕಡ್ಡಿಗಳು.

"ನಿನ್ನವು ಸವೆದು ಹೋಗಿವೆ, ಅದಕ್ಕೆ..." ಎಂದು ನೆಲ ನೋಡಿದ.

ಈ ಸೀಮೆಯಲ್ಲಿ ಮದುವೆಯ ದಿನ ಗಂಡು ಹೆಣ್ಣು ಒಂದೇ ಬುಟ್ಟಿಯಿಂದ ಅಂಬಲಿ ತಿನ್ನುತ್ತಾರೆ. ಇಬ್ಬರಿಗೂ ಅದೇ ನೆನಪಾಯಿತು. ಇಬ್ಬರೂ ಬಾಯಿ ಬಿಡಲಿಲ್ಲ.

ಆಡಬೇಕಾಗಿದ್ದ ಇನ್ನೊಂದು ಮಾತನ್ನೂ ಆಡಲಿಲ್ಲ. ಇಲ್ಲಿ ಇಬ್ಬರು ಭೇಟಿಯಾದರೆ ಮೊದಲು ಹೇಳುವುದೇ ಕುಲ. ತಾಯಿಯ ಕುಲ ಮಕ್ಕಳಿಗೆ. ಕುಲ ಒಂದೇ ಆದರೆ ಮುಖ ಪರಿಚಯವಿಲ್ಲದವರೂ ಅಣ್ಣ ತಂಗಿ, ಅಲ್ಲಿಗೆ ಮುಗಿಯಿತು! ಮೊದಲ ದಿನ ವಾಂತಿಯ ಗಡಿಬಿಡಿಯಲ್ಲಿ ಆ ಮಾತು ತಪ್ಪಿಹೋಯಿತು. ಆಮೇಲೆ ಕೇಳಲು ಇಬ್ಬರಿಗೂ ಭಯ.

ಅಷ್ಟರಲ್ಲಿ ಬೇಸಿಗೆಯೆಲ್ಲ ಕುರಿಗಳ ಜೊತೆ ಬೆಟ್ಟದ ಮೇಲಿದ್ದ ಅರ್ಲೀನಾಳ ಬೆಸ್ಸಿ ಅಜ್ಜಿ ಮನೆಗೆ ಬಂದರು. ಆ ಬೆಳಗ್ಗೆ ಅರ್ಲೀನಾ ಪಿಕಪ್ ತೆಗೆದುಕೊಂಡು ನೀರು ತರಲು ಹೋಗಿದ್ದಳು.

ತಿರುಗಿ ಬಂದಾಗ ಡೆಲ್ವಿನ್ ಇರಲಿಲ್ಲ. ಬಟ್ಟಲಲ್ಲಿ ಅಂಬಲಿ ಅರ್ಧ ಉಳಿದಿತ್ತು.

"ಒಳ್ಳೇ ಹುಡುಗ ಕಣೇ," ಎಂದರು ಅಜ್ಜಿ. "ಆದ್ರೆ ಅದೇನು ಅವಸರವೋ, ತಟ್ಟನೆ ಎದ್ದು ಹೋದ."

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೂಗು ಮಾತ್ರ ಕೇಳುತ್ತಿತ್ತು... ತುಂಬ ದೂರದಿಂದ, ಕಣಿವೆಯ ಆಚೆ ಅಂಚಿನಿಂದ.

'ಅಡುಗೆ ಕಲಿತ, ಹೊರಟ. ಕೆಲಸಕ್ಕಾಗಿ ಬಂದವನ ಬಗ್ಗೆ ನಾನೇ ಏನೇನೋ ಅಂದುಕೊಂಡೆನೇ?'

ನಾಲ್ಕನೇ ದಿನ ಫೋನಿಗೆ ಅವನ ಸಂದೇಶ ಬಂತು. 'ಇನ್ನು ಅಡುಗೆ ನಾನೇ ಮಾಡ್ಕೋತೀನಿ. ನಿನ್ನ ಉಪಕಾರ ಮರೆಯಲ್ಲ, ತಂಗಿ.'

ತಂಗಿ!

ಅರ್ಲೀನಾ ಒಲೆಯ ಮುಂದೆಯೇ ಕುಸಿದು ಕೂತಳು. ತಳ ಹಿಡಿದ ವಾಸನೆಗೆ ಓಡಿ ಬಂದ ಅಜ್ಜಿ ಪಾತ್ರೆ ಇಳಿಸಿ, ಸಂದೇಶ ಓದಿಸಿಕೊಂಡು ಕೇಳಿ, ಮೊದಲು ಬೆರಗಾದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಜ್ಜೀ! ನಗ್ತೀಯಲ್ಲ!"

"ಅಯ್ಯೋ ಹುಚ್ಚೀ... ಆ ದಿನ ನಾನು ಉಪ್ಪಿನ ಕುಲದವಳು ಅಂದೆ. ಅವನೂ 'ನಾನೂ ಅದೇ ಅಜ್ಜಿ' ಅಂದ. 'ಹಾಗಾದ್ರೆ ನೀನೂ ನನ್ನ ಮೊಮ್ಮಗನೇ ಬಿಡು' ಅಂದೆ. ಮುಖ ಬೂದಿಯಾಗಿ ಹೋಯ್ತು. ನೀನು ನನ್ನ ಮಗಳ ಹೊಟ್ಟೇಲಿ ಹುಟ್ಟಿದವಳು ಅಂದುಕೊಂಡಿದಾನೆ!"



ಅರ್ಲೀನಾಗೆ ಆರು ವರ್ಷವಿದ್ದಾಗ ಹೆತ್ತಮ್ಮ ತೀರಿಕೊಂಡಿದ್ದಳು. ಅಪ್ಪ ಮತ್ತೆ ಮದುವೆಯಾದ. ಆ ಚಿಕ್ಕಮ್ಮನ ತಾಯಿ ಬೆಸ್ಸಿ ಅಜ್ಜಿ. ಜಡೆ ಹಾಕಿದ್ದು, ಅಡುಗೆ ಕಲಿಸಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದು... ಎಲ್ಲ ಇದೇ ಅಜ್ಜಿ.

"ಅವನಿಗೆ ನಿನ್ನ ಕುಲ ಯಾಕೆ ಹೇಳಲಿಲ್ಲ ಮಗಾ?"

"ನಾನು ಯಾರಿಗೂ ಹೇಳಲ್ಲ ಅಜ್ಜಿ." "ಅದನ್ನ ಹೇಳಿದ್ರೆ... ನೀನು ನನ್ನ ಸ್ವಂತ ಅಜ್ಜಿ ಅಲ್ಲ ಅಂತ ಊರಿಗೆಲ್ಲ ಹೇಳಿದ ಹಾಗಾಗುತ್ತೆ."

ಅಜ್ಜಿಯ ನಗು ನಿಂತಿತು. ಸುಕ್ಕುಗಟ್ಟಿದ ಕೈ ಅವಳ ಕೆನ್ನೆಗೆ ಬಂತು.

"ನಿನ್ನ ತಾಯಿ ಕುಲ ಹೇಳಿದ್ರೆ ನಾನು ಕಡಿಮೆ ಆಗ್ತೀನಾ? ಅವಳು ಹೆತ್ತು ಕೊಟ್ಟಳು, ನಾನು ಅಂಬಲಿ ಹಾಕಿ ಬೆಳೆಸ್ದೆ. ಇಬ್ಬರದೂ ಇದೆ ಈ ಮೈಯಲ್ಲಿ. ಹೋಗು, ಬಾಯ್ತುಂಬ ಹೇಳು. ಸಿದ್ಧ ಆಗಿ ಹೋಗು ಮತ್ತೆ... ಕೆನ್ನೆಗೆಲ್ಲ ಮಸಿ!"

ಮರುದಿನ ನಸುಕಿನಲ್ಲಿ ಅರ್ಲೀನಾ ಡಬ್ಬಿಯಲ್ಲಿ ಬಿಸಿ ಅಂಬಲಿ ಹಾಕಿಕೊಂಡು, ಪಿಕಪ್‌ನಲ್ಲಿ ಸುತ್ತು ಬಳಸಿ ಕಣಿವೆಯ ಆಚೆ ಅಂಚಿಗೆ ಹೋದಳು. ಅಲ್ಲಿಂದ ಕೂಗು ಬಂದ ದಿಕ್ಕಿಗೆ ನಡೆದಳು.

ಅವಳನ್ನು ಕಂಡು ಡೆಲ್ವಿನ್ ಹತ್ತು ಹೆಜ್ಜೆ ದೂರದಲ್ಲೇ ನಿಂತ. ಸೊರಗಿದ್ದ.

"ಯಾಕೆ ಬಂದೆ... ತಂಗಿ?"

"ಇನ್ನೊಂದ್ಸಲ ಹಾಗಂದ್ರೆ ನೀನು ಕಟ್ಟಿಕೊಟ್ಟ ಕಡ್ಡೀಲೇ ಹೊಡೀತೀನಿ!"

ಅವಳು ಡಬ್ಬಿ ಕೆಳಗಿಟ್ಟಳು. ಬೆನ್ನು ನೇರ ಮಾಡಿದಳು. ಇಪ್ಪತ್ತು ವರ್ಷದಿಂದ ನುಂಗಿಕೊಂಡೇ ಬಂದ ಮಾತು...

"ನನ್ನ ಹೆಸರು ಅರ್ಲೀನಾ. ನಾನು ಕಹಿನೀರಿನ ಕುಲದವಳು. ನನ್ನ ಅಪ್ಪ ಬಹುಮೇಕೆಗಳ ಕುಲದವರು."

ಇಬ್ಬರು ತಾತಂದಿರ ಕುಲಗಳನ್ನೂ ಹೇಳಿದಳು. ನಾಲ್ಕರಲ್ಲಿ ಎಲ್ಲೂ ಉಪ್ಪಿನ ಕುಲವಿರಲಿಲ್ಲ.

"ನನ್ನ ಅಜ್ಜಿ ಬೆಸ್ಸಿ, ಉಪ್ಪಿನ ಕುಲದವರು. ನನ್ನ ಹೆತ್ತಮ್ಮನ ತಾಯಿ ಅಲ್ಲ, ನನ್ನನ್ನ ಸಾಕಿದವರು. ಇದೇ ನಾನು."

ಡೆಲ್ವಿನ್ ಬಂಡೆಯ ಮೇಲೆ ಹಾಗೇ ಕೂತುಬಿಟ್ಟ. ಆಮೇಲೆ ಎದ್ದು ತನ್ನ ನಾಲ್ಕೂ ಕುಲ ಹೇಳಿದ. ಯಾವುದೂ ಅವಳದಕ್ಕೆ ತಾಗಲಿಲ್ಲ.

"ನಾಲ್ಕು ದಿನ ನಿದ್ದೆ ಇಲ್ಲ ಅರ್ಲೀನಾ. ಕೇಳೋಕೆ ಧೈರ್ಯ ಬರಲಿಲ್ಲ."

"ನನಗೆ ಹೇಳೋಕೆ ಬರಲಿಲ್ಲ. ಊಟ ಏನು ಮಾಡ್ದೆ?"

"ಅಂಬಲಿ ಮಾಡ್ದೆ. ಬರೀ ಗಂಟು. ಸ್ನೇಹಿತನ ನಾಯಿನೂ ಮೂಸಲಿಲ್ಲ."

ಅರ್ಲೀನಾ ಅಳುತ್ತಲೇ ನಕ್ಕಳು. ಡಬ್ಬಿ ತೆರೆದು ಚಮಚ ಕೊಟ್ಟಳು. ಬಂಡೆಯ ಅಂಚಿಗೆ ಬಿಸಿಲು ಬಂತು. ಅವನು ಒಂದು ಚಮಚ ತಿಂದು, ಎರಡನೆಯದನ್ನು ಅವಳ ಕಡೆ ಹಿಡಿದ.

"ಓಟಕ್ಕೆ ಎಂಟು ದಿನ ಇದೆ. ಅಲ್ಲೀವರೆಗೆ ಡಬ್ಬೀಲಿ ತಿಂತೀನಿ. ಆಮೇಲೆ..."

"ಆಮೇಲೆ?"

"ಗೆದ್ರೂ ಸೋತ್ರೂ... ನಿನ್ನ ಜೊತೆ ಒಂದೇ ಬುಟ್ಟೀಲಿ ತಿನ್ನೋ ಆಸೆ."

ಅರ್ಲೀನಾ ಆ ಚಮಚದ ಅಂಬಲಿ ತಿಂದಳು.

"ಬುಟ್ಟಿ ಅಜ್ಜಿ ಕೊಡ್ತಾರೆ," ಎಂದಳು ಮೆಲ್ಲಗೆ. "ಆದ್ರೆ ತಿರುಗ್ಸೋದು ನಾನೇ. ನೀನು ಗಂಟು ಮಾಡ್ತೀಯ."