ಗಾಜಿನಾಚೆ ನಕ್ಕವಳು

ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯೊಳಗೆ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಗುಂಡಿ ಹಿಡಿದು ಅವನು ಕುಳಿತಿದ್ದ. ಗಾಜಿನ ಈಚೆ, ಕಿವಿ ಪರೀಕ್ಷೆಯ ಯಂತ್ರದ ಮುಂದೆ ಅವಳು. ಶಬ್ದ ಕೇಳಿಸಿದಾಗೆಲ್ಲ ಗುಂಡಿ ಒತ್ತಬೇಕು, ಅವನ ಕೆಲಸ ಅಷ್ಟೇ.

ಆದರೆ ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ!

'ಹೀಗೆ ನೋಡಿದರೆ ನಾನು ಕೆಲಸ ಮಾಡುವುದು ಹೇಗೆ?'

ಐದು ವರ್ಷಗಳಿಂದ ನೂರಾರು ಕಿವಿಗಳನ್ನು ಪರೀಕ್ಷಿಸಿದ್ದವಳಿಗೆ ಅಂದು ಯಂತ್ರದ ಮೇಲೆ ಗಮನವೇ ನಿಲ್ಲುತ್ತಿರಲಿಲ್ಲ. ಅವನು ಗಡಿಯಾರ ರಿಪೇರಿ ಮಾಡುವವನು. ಕರೆದರೆ ತಿರುಗಿಯೂ ನೋಡುವುದಿಲ್ಲ, ಮೊದಲು ಜಂಭ ಅಂದುಕೊಂಡಿದ್ದೆವು ಎಂದು ಜೊತೆಗೆ ಬಂದಿದ್ದ ಅವನ ಅಕ್ಕ ದೂರಿದಾಗ ನಾಚಿ ನಕ್ಕಿದ್ದ. ಆ ನಗುವಿಗೆ ಇವಳು ಸೋತೇಹೋಗಿದ್ದಳು.

'ದೇವರೇ, ಇವನಿಗೆ ಕೇಳಿಸಲಿ...'

ಶಬ್ದವನ್ನು ಇಳಿಸಿದಳು. ಅವನು ಒತ್ತಿದ. ಇನ್ನೂ ಇಳಿಸಿದಳು. ಮತ್ತೆ ಒತ್ತಿದ. ಪ್ರತಿ ಸಲವೂ ತನಗೇ ಗೊತ್ತಿಲ್ಲದೆ ಅವಳು ನಕ್ಕಳು.

ಕಿವಿಯ ತೊಂದರೆ ಸ್ವಲ್ಪವೇ ಎಂದಿತು ಪರೀಕ್ಷೆಯ ನಕ್ಷೆ. ಮಾತುಗಳನ್ನು ಕೇಳಿಸಿ, ತಿರುಗಿ ಹೇಳಿಸುವ ಎರಡನೆಯ ಪರೀಕ್ಷೆಯಲ್ಲಿ ಅವನು ತೀರಾ ತಡವರಿಸಿದ. ಹೊಸ ಜಾಗದ ಗಾಬರಿ ಇರಬೇಕು ಎಂದುಕೊಂಡು ಅವಳು ಅದನ್ನು ಬದಿಗಿಟ್ಟಳು. ಕಿವಿಯೊಳಗೇ ಅಡಗುವ ಪುಟ್ಟ ಶ್ರವಣಯಂತ್ರವನ್ನು ತಾನೇ ಆರಿಸಿ ಕೊಟ್ಟಳು. ಚೆನ್ನಾಗಿದೆ ಎಂದು ತಲೆಯಾಡಿಸಿ ಹೋದವನು ಹದಿನೈದು ದಿನಕ್ಕೆ ತೋರಿಸಲು ಬರಬೇಕಿತ್ತು.

ಬರಲಿಲ್ಲ.

ಒಂದು ತಿಂಗಳಾಯಿತು. ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಬಾಗಿಲು ಸದ್ದಾದಾಗೆಲ್ಲ ಅವಳ ಕತ್ತು ಅತ್ತ ತಿರುಗುತ್ತಿತ್ತು. ನನ್ನ ಮನಸ್ಸು ಅವನಿಗೆ ಗೊತ್ತಾಗಿಬಿಟ್ಟಿತೇ? ಅದಕ್ಕೇ ದೂರವಾದನೇ? ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಕೊನೆಗೆ ಫೋನ್ ಬಂದದ್ದು ಅವನ ಅಕ್ಕನಿಂದ.

"ಮಿಷನ್ ಡಬ್ಬೀಲೇ ಬಿದ್ದಿದೆ ಮೇಡಂ. ನಿನ್ನೆ ಲಾರಿ ಹಾರ್ನ್ ಹೊಡೀತಾನೇ ಇತ್ತಂತೆ, ಇವನಿಗೆ ಗೊತ್ತೇ ಆಗಿಲ್ಲ. ಯಾರೋ ಪಕ್ಕಕ್ಕೆ ಎಳೆದಿದ್ದಕ್ಕೆ ಉಳ್ಕೊಂಡ."

ಫೋನ್ ಇಟ್ಟವಳೇ ಅವಳು ಕಪಾಟು ತೆರೆದಳು. ಅವನ ಫೈಲು ತೆಗೆದಳು. ಗುಂಡಿ ಒತ್ತಿದ ಪರೀಕ್ಷೆಯ ಹಾಳೆ ತೊಂದರೆ ಸ್ವಲ್ಪ ಎನ್ನುತ್ತಿತ್ತು, ಮಾತಿನ ಪರೀಕ್ಷೆಯದು ಬಹಳ ಎನ್ನುತ್ತಿತ್ತು. ಎರಡೂ ನಿಜವಾಗಲು ಸಾಧ್ಯವೇ ಇರಲಿಲ್ಲ. ಕಲಿಯಲು ಬಂದ ಹುಡುಗಿಗೂ ಕಾಣುವ ತಪ್ಪು ತನಗೆ ಹೇಗೆ ಕಾಣಲಿಲ್ಲ?

ಅಂದು ಮಧ್ಯಾಹ್ನವೇ ಅವನ ಅಂಗಡಿಗೆ ಓಡಿದಳು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದವನಿಗೆ ಅವಳು ಎದುರು ಬಂದು ನಿಲ್ಲುವವರೆಗೂ ತಿಳಿಯಲಿಲ್ಲ. ಯಂತ್ರ ಯಾಕೆ ಹಾಕಿಕೊಂಡಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಕೇಳಿದಳು.

"ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಮತ್ತೆ ಅವತ್ತು ಗುಂಡಿ ಒತ್ತಿದ್ದು?"

ಅವನು ಚಿಮಟ ಕೆಳಗಿಟ್ಟ.

"ನೀವು ಸರಿಯಾಗಿ ನಾಲ್ಕು ಸೆಕೆಂಡಿಗೊಂದು ಶಬ್ದ ಬಿಡ್ತಿದ್ರಿ. ಸೆಕೆಂಡು ಎಣಿಸೋದು ನನ್ನ ಕಸುಬು. ಮೊದಮೊದ್ಲು ಕೇಳಿಸ್ತಿತ್ತು. ಆಮೇಲೆ ಎಣಿಸಿ ಒತ್ತಿದೆ."

"ಯಾಕೆ?"

"ಒತ್ತಿದಾಗೆಲ್ಲ ನೀವು ನಗ್ತಿದ್ರಿ..."

ಅವಳಿಗೆ ಸಿಟ್ಟು, ಅಳು, ಸಂತೋಷ ಎಲ್ಲವೂ ಒಟ್ಟಿಗೇ ಬಂದವು. ಅಷ್ಟು ಖುಷಿಪಟ್ಟವಳಿಗೆ ಯಂತ್ರ ಹಾಕಿದರೂ ಕೇಳಿಸುತ್ತಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದೇ ಅವನು ತಲೆತಪ್ಪಿಸಿಕೊಂಡಿದ್ದನಂತೆ. ತಪ್ಪು ತನ್ನದೇ ಎಂದಳು ಅವಳು. ಶಬ್ದಗಳ ನಡುವಿನ ಅಂತರ ಒಂದೇ ಸಮ ಇರಬಾರದು, ಅದು ಮೊದಲ ಪಾಠ. ಅವನನ್ನು ಕಂಡ ಗಲಿಬಿಲಿಯಲ್ಲಿ ಅದೇ ಮರೆತಿತ್ತು.

"ನಾಳೆ ಬನ್ನಿ. ನಮ್ಮ ಹಿರಿಯ ಮೇಡಂ ಪರೀಕ್ಷೆ ಮಾಡ್ತಾರೆ. ನಿಮ್ಮ ವಿಷ್ಯದಲ್ಲಿ ನಾನು ನೆಟ್ಟಗೆ ಕೆಲ್ಸ ಮಾಡಲ್ಲ."

ಹಿರಿಯ ಮೇಡಂ ನಕ್ಕಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಈ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಇರಲಿಲ್ಲ. ಮರುದಿನ ಹೊರಗಿನ ಬೆಂಚಿನ ಮೇಲೆ ಅವನ ಅಕ್ಕನ ಪಕ್ಕ ಕುಳಿತು ಅವಳು ಉಗುರು ಕಚ್ಚಿದಳು. ಅವನ ಕಿವಿ ಯಾವ ಯಂತ್ರದಿಂದಲೂ ಆಗದಷ್ಟು ಹೋಗಿಬಿಟ್ಟಿದ್ದರೆ?

ಬಾಗಿಲು ತೆರೆಯಿತು. ಎರಡೂ ಕಿವಿಗೆ ತೊಂದರೆ ಜೋರಾಗಿಯೇ ಇದೆ, ಆದರೆ ದಾರಿಯಿದೆ ಎಂದರು ಹಿರಿಯ ಮೇಡಂ.

"ಚಿಕ್ಕದು ಇವರಿಗೆ ಸಾಲಲ್ಲ. ಕಿವಿ ಹಿಂದೆ ಹಾಕೋ ದೊಡ್ಡದೇ ಬೇಕು. ಇದು ಗೊತ್ತಾಗದ ಹುಡುಗಿ ಅಲ್ವಲ್ಲಮ್ಮ ನೀನು."

ಇಬ್ಬರನ್ನೂ ಒಮ್ಮೆ ನೋಡಿ, ಅಕ್ಕನನ್ನು ಮಾತಿಗೆಳೆದುಕೊಂಡು ಅವರು ಆಚೆ ಹೋದರು.

ಹೊಸ ಯಂತ್ರಗಳನ್ನು ಅವಳು ಅವನ ಎರಡೂ ಕಿವಿಗಳ ಹಿಂದೆ ಕೂರಿಸಿದಳು. ಎದ್ದು ಕಾಣುತ್ತವೆ, ಬೇಡ ಎಂದುಬಿಟ್ಟರೆ? ಕಂಪ್ಯೂಟರಿನಲ್ಲಿ ಅಳತೆ ಹೊಂದಿಸಿ ಚಾಲೂ ಮಾಡಿದಳು. ಅವನ ಕಣ್ಣು ಅಗಲವಾಯಿತು.

"ಕೇಳಿಸ್ತಿದ್ಯಾ? ಸುಳ್ಳು ಹೇಳ್ಬೇಡಿ."

"ಕೇಳಿಸ್ತಿದೆ. ನಿಮ್ಮ ಧ್ವನಿ ನಾನಂದ್ಕೊಂಡಿದ್ದಕ್ಕಿಂತ ಸ್ವಲ್ಪ ದಪ್ಪ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಇನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ.

"ನೀವಂದ್ರೆ ನಂಗಿಷ್ಟ. ಅದಕ್ಕೇ ಇಷ್ಟೆಲ್ಲ ಎಡವಟ್ಟಾಯ್ತು."

ಅವನ ಕೈ ತಟಕ್ಕನೆ ಕಿವಿಯ ಹಿಂದಿನ ಯಂತ್ರಕ್ಕೆ ಹೋಯಿತು. ಏನು ಮಾಡಬೇಕೆಂದು ತೋಚದೆ ಅವಳು ಕೀಬೋರ್ಡಿಗೆ ಕೈ ಹಾಕಿದಳು.

"ಜೋರಾಯ್ತಾ? ಸೌಂಡ್ ಕಡಿಮೆ ಮಾಡ್ಲಾ?"

ಅವನು ಆ ಕೈಯನ್ನು ಮೆಲ್ಲನೆ ಹಿಡಿದುಕೊಂಡ.

"ಬೇಡ. ನೀವೀಗ ಹೇಳಿದ್ರಲ್ಲ, ನಾನು ಹೇಳ್ಬೇಕು ಅಂತಿದ್ದಿದ್ದೂ ಅದೇ. ಸೌಂಡ್ ಇಷ್ಟೇ ಇರ್ಲಿ... ಇನ್ನೊಂದ್ಸಲ ಹೇಳಿ."