ಇಳಿಜಾರಿನಲ್ಲಿ ದಿನಕ್ಕೊಂದು ಸಾಲು

ಹಗ್ಗದ ತುದಿಗೆ ದೊಡ್ಡದೊಂದು ಆಯಸ್ಕಾಂತ ಕಟ್ಟಿಕೊಂಡು, ನಾಯಿಮರಿಯನ್ನು ವಾಕಿಂಗಿಗೆ ಕರೆದೊಯ್ಯುವವಳ ಹಾಗೆ ಹೆದ್ದಾರಿಯ ಅಂಚಿನಲ್ಲಿ ನಡೆಯುವ ಎಂಜಿನಿಯರನ್ನು ನೀವು ನೋಡಿರಲಿಕ್ಕಿಲ್ಲ. ಟೈರ್ ಅಂಗಡಿಯವನೂ ನೋಡಿರಲಿಲ್ಲ. ಅರ್ಧ ಗಂಟೆ ಸುಮ್ಮನಿದ್ದ. ಆಮೇಲೆ ತಡೆಯಲಾಗದೆ, ಕೈ ಒರೆಸಿಕೊಳ್ಳುತ್ತಾ ರಸ್ತೆಯ ಪಕ್ಕಕ್ಕೆ ಬಂದ.

"ಏನಾದ್ರೂ ಕಳ್ಕೊಂಡ್ರಾ ಮೇಡಂ?"

"ಇಲ್ಲ. ಹುಡುಕ್ತಾ ಇದೀನಿ."

"ಕಳ್ಕೊಳ್ಳದೇ ಇರೋದನ್ನ ಹುಡುಕ್ತಾ ಇದೀರಾ?"

"ಮೊಳೆ," ಎಂದಳು ಅವಳು, ಅವನ ಮುಖವನ್ನೇ ನೋಡುತ್ತಾ.

ಅವಳ ಅನುಮಾನಕ್ಕೆ ಕಾರಣವಿತ್ತು, ಪಾಪ. ಎರಡು ಲೇನಿನ ಹಳೆಯ ಹೆದ್ದಾರಿಯನ್ನು ನಾಲ್ಕು ಲೇನಾಗಿ ಕಟ್ಟುವ ಕೆಲಸದಲ್ಲಿ ಈ ಭಾಗದ ನಕ್ಷೆ ಅವಳದು. ಬಂದರಿಗೆ ಸರಕು ಬೇಗ ಸೇರಬೇಕು, ದಾರಿಯಲ್ಲಿ ಯಾರೂ ಸಾಯಬಾರದು, ಇಷ್ಟೇ ಅವಳಿಗೆ ಕೊಟ್ಟ ಲೆಕ್ಕ. ಬಂದರಿಗೆ ಹೋಗುವ ಲಾರಿಗಳಲ್ಲಿ ಇರುವ ಜಿಪಿಎಸ್‌ನಿಂದ ಒಂದು ವರ್ಷದ ವೇಗವನ್ನೆಲ್ಲ ತರಿಸಿ ಗ್ರಾಫ್ ಹಾಕಿದ್ದಳು. ಎಪ್ಪತ್ತೈದರಲ್ಲಿ ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಜಾಗದಲ್ಲಿ ಮಾತ್ರ ದಿಢೀರನೆ ಮೂವತ್ತೈದಕ್ಕೆ ಬೀಳುತ್ತಿತ್ತು. ಅಲ್ಲಿ ತಿರುವಿಲ್ಲ, ಕ್ರಾಸಿಲ್ಲ, ಗೇಟಿಲ್ಲ. ಇರುವುದು ಒಂದು ಟೈರ್ ಅಂಗಡಿ. ಲಾರಿಗಳೆಲ್ಲ ನಿಧಾನವಾಗುವ ಜಾಗದಲ್ಲೇ ಪಂಕ್ಚರ್ ಹಾಕುವವನು ಕೂತಿದ್ದರೆ ಯಾರಿಗಾದರೂ ಏನನ್ನಿಸಬೇಕು ಹೇಳಿ?

"ಅಂದ್ರೆ ನಾನು ರಸ್ತೆಗೆ ಮೊಳೆ ಚೆಲ್ತೀನಿ ಅಂತ!"

"ನಾನು ಹಾಗೆ ಹೇಳಿಲ್ಲ."

"ನೀವು ಹೇಳಿಲ್ಲ. ಆಯಸ್ಕಾಂತ ಹೇಳ್ತಾ ಇದೆ." ಅವನು ಅಂಗಡಿಯ ಕಡೆ ತಿರುಗಿ ಕೂಗಿದ, "ಅಕ್ಕಾ, ಮೇಡಂ ನನ್ನ ಹಿಡಿಯೋಕೆ ಬಂದಿದಾರೆ!"

ಒಳಗೆ ಕಬ್ಬಿಣದ ಸರಳಿನಿಂದ ಲಾರಿ ಟೈರು ಬಿಚ್ಚುತ್ತಿದ್ದ ಅವನ ಅಕ್ಕ ತಲೆಯನ್ನೂ ಎತ್ತಲಿಲ್ಲ. "ಹಿಡೀಲಿ ಬಿಡೋ. ವಯಸ್ಸು ಮೂವತ್ನಾಲ್ಕಾಯ್ತು, ಯಾರಾದ್ರೂ ಹಿಡಿದ್ರೆ ಸಾಕಾಗಿದೆ ನಂಗೆ."

ಎಂಜಿನಿಯರಿನ ಕಿವಿ ಬಿಸಿಯಾಯಿತು. ಆಯಸ್ಕಾಂತಕ್ಕೆ ಅಂಟಿಕೊಂಡದ್ದು ಎರಡು ನಟ್ಟು, ಒಂದು ಬಾಟಲಿ ಮುಚ್ಚಳ, ಒಂದು ಹೇರ್‌ಪಿನ್. ಮೊಳೆ ಒಂದೂ ಇಲ್ಲ. ಅವನು ಬಗ್ಗಿ, ಹೇರ್‌ಪಿನ್ನನ್ನು ಎರಡೇ ಬೆರಳಲ್ಲಿ ಬಿಡಿಸಿ ಅವಳ ಮುಂದೆ ಹಿಡಿದ.

"ಇದು ನಿಮ್ದೇ. ಆಗಲೇ ಬಗ್ಗಿದಾಗ ಬಿತ್ತು, ನೋಡಿದೆ."

ಅರ್ಧ ಗಂಟೆಯಿಂದ ಇಷ್ಟು ಗಮನವಿಟ್ಟು ನೋಡುತ್ತಿದ್ದನೇ ಎಂದು ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದೇ ಆಶ್ಚರ್ಯ.

"ಹಾಗಾದ್ರೆ ಲಾರಿಗಳು ಇಲ್ಲಿ ಯಾಕೆ ಸ್ಲೋ ಆಗ್ತವೆ?"

"ನೀವು ಬಂದರಿನ ಕಡೆಯಿಂದ ಬಂದ್ರಿ. ಬರೀ ಬೆನ್ನು ನೋಡಿದ್ರಿ. ಬನ್ನಿ, ಮುಖ ತೋರಿಸ್ತೀನಿ."

ರಸ್ತೆಯ ಪಕ್ಕ ಒಂದು ತಗಡಿನ ಬೋರ್ಡು ನಿಂತಿತ್ತು. ಜಾಹೀರಾತಿರಬೇಕೆಂದು ಅವಳು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸುತ್ತಿ ಮುಂದೆ ಹೋಗಿ ನೋಡಿದರೆ, ಕಪ್ಪು ಬಣ್ಣದ ಮೇಲೆ ಸೀಮೆಸುಣ್ಣದ ಮುದ್ದಾದ ಅಕ್ಷರ, ಒಂದೇ ಒಂದು ಸಾಲು:

*ಕೆಟ್ಟಿಲ್ಲದ ಗಡಿಯಾರವನ್ನು ಅವನು ಐದನೇ ಸಲ ರಿಪೇರಿಗೆ ತಂದ.*

"ಯಾರು ತಂದ?"

"ಕತೆಯಲ್ಲಿ ಬರೋನು."

"ಕೆಟ್ಟೇ ಇಲ್ಲ ಅಂದ್ಮೇಲೆ ಯಾಕೆ ತಂದ?"

"ನಾಳೆ ಬನ್ನಿ. ದಿನಕ್ಕೊಂದೇ ಸಾಲು."

ಅಷ್ಟರಲ್ಲಿ ಬೆಟ್ಟದಂಥ ಲಾರಿಯೊಂದು ಉಸ್ಸೆಂದು ನಿಧಾನವಾಗಿ, ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಓದಿ, "ಐದನೇ ಸಲನಾ! ನಾಚಿಕೆಗೆಟ್ಟೋನು!" ಎಂದು ನಗುತ್ತಾ ಇಳಿಜಾರಿಗೆ ಇಳಿದ. ಸ್ವಲ್ಪ ಹೊತ್ತಿಗೆ ಆ ಕಡೆಯ ಏರಿನಿಂದ, ದಾಟಿದೆನೆಂದು ಹೇಳುವಂತೆ, ಒಂದು ಹಾರ್ನ್ ಕೇಳಿಸಿತು. ಅಂಗಡಿಯಲ್ಲಿ ಕೈ ನಿಲ್ಲಿಸಿ ಕೂತಿದ್ದ ಅಕ್ಕ ಮತ್ತೆ ಸರಳು ಎತ್ತಿಕೊಂಡಳು. ಅದನ್ನೂ ಎಂಜಿನಿಯರ್ ನೋಡಿದಳು. ನೋಡಿದ ಮೇಲೆ ಕೇಳದೆ ಇರುವ ಜಾಯಮಾನ ಅವಳದಲ್ಲ.

ಅಕ್ಕನ ಗಂಡನೂ ಲಾರಿ ಡ್ರೈವರಾಗಿದ್ದ. ಅಂಗಡಿ ದಾಟಿದರೆ ಇಳಿಜಾರು, ಅದರಾಚೆ ರಸ್ತೆ ಹಳ್ಳವಾಗಿ ತಗ್ಗುತ್ತದೆ. ಮೇಲಿನಿಂದ ಬರುವವನಿಗೆ ಆ ಹಳ್ಳದಲ್ಲಿ ಏನು ನಿಂತಿದೆಯೆಂದು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಲ್ಲಿ ಇನ್ನೊಂದು ಲಾರಿ ಕೆಟ್ಟು ನಿಂತಿತ್ತು. ಮೇಲಿನಿಂದ ಬಂದ ಭಾವನಿಗೆ ಬ್ರೇಕು ಹಾಕಲು ಪುರುಸೊತ್ತೇ ಸಿಗಲಿಲ್ಲ.

"'ನಿಧಾನವಾಗಿ ಚಲಿಸಿ' ಅಂತ ಬೋರ್ಡ್ ಹಾಕಿದ್ರು," ಎಂದ ಅವನು. "ಒಬ್ಬನೂ ನಿಧಾನ ಮಾಡ್ಲಿಲ್ಲ. ನಿಧಾನ ಅಂದ್ರೆ ಯಾರೂ ಕೇಳಲ್ಲ ಮೇಡಂ. ಮುಂದೇನಾಯ್ತು ಅನ್ನೋದು ಬಾಕಿ ಇದ್ರೆ ಎಂಥವನೂ ಆಕ್ಸಿಲರೇಟರ್ ಮೇಲಿನ ಕಾಲೆತ್ತುತ್ತಾನೆ."

"ಓದ್ತಾ ಓಡಿಸೋದೂ ಅಪಾಯ ಅಲ್ವಾ?"

"ಅದಕ್ಕೇ ಒಂದೇ ಸಾಲು. ಅದಕ್ಕೇ ಸಣ್ಣ ಅಕ್ಷರ. ಸ್ಪೀಡಲ್ಲಿದ್ರೆ ಓದೋಕೇ ಆಗಲ್ಲ." ಅಂಗಡಿಯ ಕಡೆ ನೋಡಿ ಹೇಳಿದ, "ಆಮೇಲೆ ಒಂದೂ ಆಗಿಲ್ಲ."

ಅವಳು ಯಾವ ಪುಸ್ತಕ ಹಿಡಿದರೂ ಕೊನೆಯ ಪುಟ ಮೊದಲು ಓದುವವಳು. ಅಂಥವಳು ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೇ ಜೀಪು ತಂದು ನಿಲ್ಲಿಸಿದಳು. ಟೈರಿನ ಗಾಳಿ ನೋಡಬೇಕಂತೆ. ಅದರ ಮಾರನೆಯ ದಿನ ಎಡಗಡೆಯ ಟೈರು ಸ್ವಲ್ಪ ಮೆತ್ತಗಿದೆಯಂತೆ. ಆಮೇಲೆ ಸ್ಟೆಪ್ನಿ. ಗೇಜು ಹಿಡಿದು ಬಗ್ಗುವ ಅವನ ಕತ್ತಿನ ಹಿಂದೆ ಒಂದು ಸುಣ್ಣದ ಗೆರೆ ಇರುತ್ತಿತ್ತು; ಬರೆದ ಕೈಯಲ್ಲೇ ತಲೆ ಕೆರೆದುಕೊಳ್ಳುತ್ತಾನೆಂದು ಅವಳು ಮೂರನೇ ದಿನಕ್ಕೆ ಕಂಡುಹಿಡಿದಳು. ಒರೆಸಿಬಿಡಬೇಕೆಂದು ಕೈ ತುರಿಸುತ್ತಿತ್ತು. ಕೈಯನ್ನು ಜೇಬಿನಲ್ಲಿಟ್ಟುಕೊಂಡಳು.

"ನಿನ್ನೆನೇ ಗಾಳಿ ಸರಿಯಾಗಿದೆ ಅಂದ್ನಲ್ಲಮ್ಮಾ," ಅಕ್ಕ ಒಂದು ದಿನ ನಿಟ್ಟುಸಿರಿಟ್ಟು ಹೇಳಿದಳು. "ಆ ಗಡಿಯಾರದೋನೇ ವಾಸಿ. ವಾರಕ್ಕೊಂದ್ಸಲ ಬರ್ತಾನೆ."

ಗೇಜು ಹಿಡಿದವನ ಕೈ ಜಾರಿತು. ಜೀಪಿನವಳು ತುಂಬಾ ಮುಖ್ಯವಾದ ಫೋನು ಬಂದವಳಂತೆ ದೂರ ಹೋದಳು. ಫೋನು ಬಂದಿರಲಿಲ್ಲ.

ಎಲ್ಲ ಹೀಗೆ ನಡೆಯುತ್ತಿದ್ದಾಗ ಆಫೀಸಿನಲ್ಲಿ ಮೀಟಿಂಗ್ ಆಯಿತು. ಹಳ್ಳ ತುಂಬಿಸಿ ರಸ್ತೆಯನ್ನು ಎತ್ತರಿಸಬೇಕೆಂದು ಅವಳು ಹಾಕಿಟ್ಟ ನಕ್ಷೆಯನ್ನು ದೊಡ್ಡ ಸಾಹೇಬರು ಪಕ್ಕಕ್ಕೆ ತಳ್ಳಿದರು.

"ಏಳು ವರ್ಷದಿಂದ ಒಂದು ಅಪಘಾತ ಇಲ್ಲ. ಅಪಾಯದ ಜಾಗಗಳ ಪಟ್ಟೀಲಿ ಇದರ ಹೆಸರೇ ಇಲ್ಲ. ಬರೀ ಅಗಲ ಮಾಡಿ ಸಾಕು. ಹಾಂ, ಆ ಬೋರ್ಡ್ ಯಾವುದೋ ಇದೆಯಂತಲ್ಲ, ಅದು ರಸ್ತೆ ಜಾಗದಲ್ಲಿದೆ. ಕೀಳಿಸಿ."

ಅವಳು ಲೆಕ್ಕ ಹಾಕಿದಳು. ಬೋರ್ಡು ಹೋಗುತ್ತದೆ, ಹಳ್ಳ ಉಳಿಯುತ್ತದೆ, ರಸ್ತೆ ಅಗಲವಾಗಿ ಲಾರಿಗಳು ಎಂಬತ್ತರಲ್ಲಿ ಬರುತ್ತವೆ. ಇದನ್ನು ಅವನಿಗೆ ಹೇಳುವವರಾರು? ಅವಳೇ ಹೇಳಬೇಕಾಯಿತು.

ಅವನು ಸೀಮೆಸುಣ್ಣದ ಚೂರನ್ನು ಬೆರಳಲ್ಲಿ ಹೊರಳಿಸಿದ. "ಅಂದ್ರೆ ನಾನು ಇಷ್ಟು ವರ್ಷ ಜನ ಉಳಿಸಿದ್ದಕ್ಕೇ ಆ ಹಳ್ಳ ಉಳ್ಕೊಳ್ತು."

"ಅಪಾಯ ಇದೆ ಅಂತ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಒಂದೇ ಒಂದು ವಾರ ಬೋರ್ಡ್ ತೆಗೆದ್ರೆ ಸ್ಪೀಡ್ ಅಳೆದು..."

ಮಾತು ಬಾಯಿಂದ ಹೊರಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಆ ವಾರದಲ್ಲಿ ಯಾರ ಮನೆಯೋನು ಸಾಯಬೇಕು ಅಂತ?" ಅವನ ದನಿ ಏರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಈ ಮಾತು ಅಕ್ಕನ ಮುಂದೆ ಹೇಳಿ ನೋಡೋಣ."

ಅವಳು ಜೀಪು ಹತ್ತಿದಳು. ನಾಲ್ಕು ದಿನ ಗಾಳಿ ನೋಡಿಸಲು ಹೋಗಲಿಲ್ಲ. ಸಾಲನ್ನು ಮಾತ್ರ ಬಿಡಲಿಲ್ಲ. ಲಾರಿಗಳ ಹಿಂದೆ ಕಳ್ಳಿಯಂತೆ ಬಂದು, ಓದಿ, ಅಂಗಡಿಯ ಕಡೆ ನೋಡದೆ ಇಳಿದುಹೋಗುವಳು. ಅವನೂ ತಲೆ ಎತ್ತುತ್ತಿರಲಿಲ್ಲ. ಆದರೆ ಆ ಜೀಪಿನ ಸದ್ದಿಗೆ ಅವನ ಕೈ ನಿಲ್ಲುವುದನ್ನು ಅಕ್ಕ ನೋಡುತ್ತಿದ್ದಳು.

ಐದನೇ ದಿನ, ನಕ್ಷೆ ಹಾಕುವ ಕೋಣೆಯಲ್ಲಿ ಅವಳು ಅದೇ ಹಳೆಯ ಗ್ರಾಫಿನ ಮುಂದೆ ಕೂತಿದ್ದಳು. ಇಷ್ಟು ದಿನ ವರ್ಷದ ಸರಾಸರಿಯನ್ನೇ ನೋಡಿದ್ದಳು. ಮನಸ್ಸು ತಡೆಯದೆ, ದಿನದಿನಕ್ಕೆ ಬಿಡಿಸಿ ನೋಡಿದಳು. ಮೂವತ್ತೈದು, ಮೂವತ್ತಾರು, ಮೂವತ್ತೈದು. ಒಂದು ಕಡೆ ಮಾತ್ರ ಗೆರೆ ಮೇಲೆದ್ದಿತ್ತು. ಐವತ್ತು, ಅರವತ್ತು, ಎಪ್ಪತ್ತೆರಡು. ಒಟ್ಟು ಒಂಬತ್ತು ದಿನ ಮೇಲೇ ಇದ್ದು ಮತ್ತೆ ಕೆಳಗಿಳಿದಿತ್ತು.

ಜೀಪು ಅಂಗಡಿಯ ಮುಂದೆ ಧೂಳೆಬ್ಬಿಸಿ ನಿಂತಿತು.

"ಹೋದ ವರ್ಷ, ಈ ಒಂಬತ್ತು ದಿನ," ಕಾಗದವನ್ನು ಅವನ ಮೂಗಿನ ಹತ್ತಿರವೇ ಹಿಡಿದಳು, "ಎಲ್ಲಿಗೆ ಹೋಗಿದ್ರಿ? ಯಾಕೆ ಬರೀಲಿಲ್ಲ?"

ಅವನು ಕಾಗದ ನೋಡಿದ, ಅವಳನ್ನು ನೋಡಿದ, ಕಿವಿಯವರೆಗೂ ಕೆಂಪಾದ. ಉತ್ತರ ಕೊಟ್ಟವಳು ಅಕ್ಕ.

"ಎಲ್ಲೂ ಹೋಗಿರ್ಲಿಲ್ಲ. ಮಹಾರಾಯನಿಗೆ ಕತೆ ಮುಂದಕ್ಕೆ ಹೋಗ್ಲಿಲ್ಲ. ಒಂಬತ್ತು ದಿನ ಒಂದೇ ಸಾಲು. ಓದಿದ್ದನ್ನೇ ಮತ್ತೆ ಯಾರು ಓದ್ತಾರೆ? ಹಳ್ಳದಲ್ಲಿ ಗಾಡಿ ಕೆಟ್ಟು ನಿಂತಾಗೆಲ್ಲ ನಾನೇ ಕೆಂಪು ಬಟ್ಟೆ ಹಿಡ್ಕೊಂಡು ಮೇಲಕ್ಕೆ ಓಡಿದ್ದು. ನನ್ನ ಮೊಣಕಾಲು ಹೋಗಿದ್ದೇ ಆಗ."

"ಯಾವ ಸಾಲು?" ಎಂದಳು ಅವಳು ಮೆಲ್ಲಗೆ.

ಅವನು ನೆಲ ನೋಡುತ್ತಾ ಹೇಳಿದ. "ರಿಪೇರಿ ಅಂಗಡಿಯವಳು ಗಡಿಯಾರವನ್ನು ಕಿವಿಗೆ ಹಿಡಿದು ಕೇಳಿ, ಅವನ ಕಡೆ ನೋಡಿ ಹೇಳಿದಳು... ಅಷ್ಟೇ. ಏನು ಹೇಳಿದ್ಳು ಅಂತ ನಂಗೆ ಹೊಳೀಲಿಲ್ಲ. ಅವಳ ಜಾಗದಲ್ಲಿ ನಾನು ನಿಂತವನಲ್ಲವಲ್ಲ."

"ಮತ್ತೆ ಹೇಗೆ ಮುಂದುವರಿಸಿದ್ರಿ?"

"ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು, ಅಂತ."

"ಥೂ!" ಎಂದಳು ಅವಳು.

"ಡ್ರೈವರುಗಳೂ ಹಾಗೇ ಅಂದ್ರು."

ನಾಲ್ಕು ದಿನದ ಮುನಿಸು ಅಲ್ಲೇ ನಗುವಾಗಿ ಒಡೆಯಿತು. ನಗುತ್ತಲೇ ಅವಳ ಕಣ್ಣು ತುಂಬಿತು. ಸಾಹೇಬರ ಮುಂದೆ ಇಡಲು ಅವಳಿಗೆ ಬೇಕಾಗಿದ್ದದ್ದು ಇದೇ. ಬೋರ್ಡಿನ ಮಾತು ನಿಂತ ಮೂರನೇ ದಿನಕ್ಕೆ ಲಾರಿಗಳು ಎಪ್ಪತ್ತೆರಡಕ್ಕೆ ಹೋಗಿದ್ದವು. ಅದಕ್ಕಾಗಿ ಯಾರನ್ನೂ ಬಲಿಕೊಡಬೇಕಾಗಿರಲಿಲ್ಲ.

ಸಾಹೇಬರು ಗ್ರಾಫನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ರೀ, ಆ ಗಡಿಯಾರದ ಅಂಗಡಿಯವಳು ಏನು ಹೇಳಿದ್ಳಂತೆ?"

"ಇನ್ನೂ ಹೇಳಿಲ್ಲ ಸರ್."

ಅವರು ಗೊಣಗುತ್ತಾ ಸಹಿ ಹಾಕಿದರು.

ಹಳ್ಳ ತುಂಬಲು ಹದಿನಾಲ್ಕು ತಿಂಗಳು ಹಿಡಿಯಿತು. ಪದರ ಪದರವಾಗಿ ಮಣ್ಣು ಬಿತ್ತು, ರೋಲರು ಓಡಿತು, ಲಾರಿಗಳು ಪಕ್ಕದ ಕಚ್ಚಾ ದಾರಿಯಲ್ಲಿ ತೆವಳಿದವು. ಕೆಲಸ ನಡೆದಷ್ಟು ದಿನವೂ ಬೋರ್ಡಿನಲ್ಲಿ ಸಾಲು ತಪ್ಪಲಿಲ್ಲ. ಹೆಲ್ಮೆಟ್ಟಿನ ಕೆಳಗೆ ಬೆವರಿಳಿಸಿಕೊಂಡು ಅವಳು ದಿನಾ ಓದಿದಳು. ಗಡಿಯಾರದವನು ಎಂಟನೇ ಸಲ ಬಂದ, ಹನ್ನೊಂದನೇ ಸಲ ಬಂದ. ಅವಳು ಮಾತ್ರ ಬಾಯಿ ಬಿಡಲಿಲ್ಲ. ಕತೆಯವಳೂ ಅಷ್ಟೇ, ಹೆಲ್ಮೆಟ್ಟಿನವಳೂ ಅಷ್ಟೇ. ಕತ್ತಿನ ಹಿಂದಿನ ಸುಣ್ಣದ ಗೆರೆ ಅಲ್ಲೇ ಇತ್ತು, ಕೈ ಜೇಬಿನಲ್ಲೇ ಇತ್ತು. ಈ ಕೆಲಸ ಮುಗಿದರೆ ಸೈಟ್ ಆಫೀಸು ಎಂಟು ದಿನದಲ್ಲಿ ಮುಂದಿನ ಭಾಗಕ್ಕೆ ಹೋಗುತ್ತದೆ, ಅದರ ಜೊತೆಗೆ ಅವಳೂ. ರಸ್ತೆ ಬೇಗ ಮುಗಿಯಲೆಂದು ಹಗಲೆಲ್ಲ ಕೂಗಾಡುವವಳು ಸಂಜೆಯಾದರೆ ಇಷ್ಟು ಬೇಗ ಮುಗಿಯಬೇಕಿತ್ತೇ ಎಂದುಕೊಳ್ಳುತ್ತಿದ್ದಳು.

ಹೊಸ ರಸ್ತೆಯನ್ನು ಸಂಚಾರಕ್ಕೆ ಬಿಡುವ ದಿನ ಬೆಳಿಗ್ಗೆ ಅವನು ಏಣಿ ಹಿಡಿದು ಬೋರ್ಡಿನ ಕೆಳಗೆ ನಿಂತಿದ್ದ. ಸಂಜೆ ನಾಲ್ಕಕ್ಕೆ ಅದನ್ನು ಕೀಳುವುದಿತ್ತು.

"ಇದು ಕೊನೇ ಸಾಲು," ಎಂದು ಸೀಮೆಸುಣ್ಣವನ್ನು ಅವಳ ಕಡೆ ಚಾಚಿದ. "ನಂಗಿನ್ನೂ ಹೊಳೆದಿಲ್ಲ. ನಿಮಗೇನಾದ್ರೂ ಗೊತ್ತಿದ್ರೆ..."

ಕೇಳುವುದು ಕತೆಗೆ ಸಂಬಂಧಿಸಿದ್ದೆಂಬಂತೆ ಕೇಳಿದ. ಆದರೆ ಅವನ ಕಣ್ಣು ಬೋರ್ಡಿನ ಮೇಲಲ್ಲ, ಅವಳ ಮೇಲಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ಏಣಿ ಹತ್ತಿದಳು. ಕೋನ, ಎತ್ತರ, ಇಳಿಜಾರು ಬಿಟ್ಟು ಬೇರೇನೂ ಬರೆಯದ ಅವಳ ಅಕ್ಷರ ಸೊಟ್ಟಸೊಟ್ಟಗೆ ಬಿತ್ತು:

*"ಇದು ಕೆಟ್ಟಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ನಾಳೆ ಬರಿಗೈಯಲ್ಲಿ ಬನ್ನಿ."*

ಇಳಿದವಳು ಅವನ ಮುಖ ನೋಡದೆ ಸೀದಾ ಜೀಪಿಗೆ ನಡೆದಳು.

ಅಂದು ದೊಡ್ಡ ಸಾಹೇಬರು ತಲೆ ಚಚ್ಚಿಕೊಂಡರು. "ಹಳ್ಳ ತುಂಬಿದ್ದಾಯ್ತು, ರೋಡ್ ನೆಟ್ಟಗಾಯ್ತು, ಮತ್ತೂ ಯಾಕ್ರೀ ಎಲ್ಲ ಸ್ಲೋ ಆಗ್ತಿದಾರೆ?" ಲಾರಿಯ ಮೇಲೆ ಲಾರಿ ನಿಧಾನವಾಗಿ, ಓದಿ, ಹಾರ್ನ್ ಹೊಡೆದು ಹೋಗುತ್ತಿತ್ತು. ಸಂಜೆ ನಾಲ್ಕಕ್ಕೆ ಬೋರ್ಡು ಇಳಿಯಿತು. ಅದರ ಹಿಂದೆಯೇ ಬಂದ ಲಾರಿ ನಿಧಾನ ಮಾಡಲಿಲ್ಲ, ಹಳ್ಳವಿದ್ದ ಜಾಗದ ಮೇಲೆ ಸಲೀಸಾಗಿ ಉರುಳಿತು. ಅಕ್ಕ ಕೈ ನಿಲ್ಲಿಸಿ, ಬಾಗಿಲಲ್ಲಿ ನಿಂತು, ಅದು ಕೊನೆಯವರೆಗೂ ಕಾಣುವುದನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಏಳಕ್ಕೇ ಅವಳು ಸೈಟ್ ಆಫೀಸಿನಲ್ಲಿದ್ದಳು. ಸುತ್ತ ಅರ್ಧ ಕಟ್ಟಿದ ಪೆಟ್ಟಿಗೆಗಳು. ಎಂಟಕ್ಕೆ ಐದು ನಿಮಿಷವಿದ್ದಾಗ ಬಾಗಿಲಲ್ಲಿ ನೆರಳಾಯಿತು. ಗೇಜಿಲ್ಲ, ಪಂಪಿಲ್ಲ, ಸೀಮೆಸುಣ್ಣವೂ ಇಲ್ಲ. ತಲೆ ಬಾಚಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದ.

ಅವಳು ಹತ್ತಿರ ಬಂದು ಆ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. "ಉಗುರಲ್ಲಿ ಮಸಿ ಇದೆ."

"ಎಷ್ಟು ತಿಕ್ಕಿದ್ರೂ ಹೋಗಲ್ಲ."

"ಹೋಗೋದು ಬೇಡ."

ಕೈ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣು ಪೆಟ್ಟಿಗೆಗಳ ಮೇಲೆ ಹೋಯಿತು.

"ಮುಂದಿನ ಆಫೀಸು ನಲವತ್ತು ಕಿಲೋಮೀಟರಂತೆ. ದೂರ ಆಯ್ತಲ್ವಾ?"

"ಮೂವತ್ತು ನಿಮಿಷ," ಎಂದಳು ಅವಳು. "ನಾನೇ ಹಾಕಿದ ಲೆಕ್ಕ. ದಾರೀಲಿ ಎಲ್ಲೂ ಏನೂ ಓದ್ತಾ ನಿಲ್ಲದೆ ನೆಟ್ಟಗೆ ಬಂದ್ರೆ."